ಬೀಗಿತ್ತಿಗೆ ಬಡಿಸಿದ ಕಸ

ಕಿವಿಯಕ್ಕನಿಗೆ ಆ ಹೆಸರು ಬಂದದ್ದು ಅವಳ ಕಿವಿ ದೊಡ್ಡದಿತ್ತು ಎಂದಲ್ಲ. ಪ್ಲಾಸ್ಟಿಕ್ಕಿನ ಯಾವ ಚೂರು ಕೊಟ್ಟರೂ ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಒಮ್ಮೆ ತಟ್ಟಿ, ಅದು ಯಾವ ಜಾತಿಯದೆಂದು ಹೇಳುತ್ತಿದ್ದಳು. ನೀರಿನ ಬಾಟಲಿ ಚರಚರ ಎನ್ನುತ್ತದೆ. ಎಣ್ಣೆಯ ಡಬ್ಬ ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವವರ ಹಾಗೆ ಗೊಬ್ ಎನ್ನುತ್ತದೆ. ತೆಳು ಲೋಟ ಟಿಣ್ ಎಂದು ಗಾಜಿನಂತೆ ನಟಿಸುತ್ತದೆ. ಇವುಗಳ ನಡುವೆ ಇನ್ನೊಂದು ಜಾತಿಯಿತ್ತು. ನೋಡಲು ಥೇಟ್ ನೀರಿನ ಬಾಟಲಿ, ಆದರೆ ಕರಗಿಸಲು ಹಾಕಿದರೆ ಇಡೀ ಹಂಡೆಯನ್ನು ಕೆಡಿಸುವಂಥದ್ದು. ಶೆಡ್ಡಿನವರು ಅದನ್ನು ‘ಸುಳ್ಳ’ ಎಂದು ಕರೆಯುತ್ತಿದ್ದರು. ಒಂದು ಮೂಟೆಯಲ್ಲಿ ಎರಡು ಸುಳ್ಳ ಸಿಕ್ಕರೆ ಸಾಕು, ಪ್ಲಾಸ್ಟಿಕ್ಕು ಕರಗಿಸುವ ಗಿರಣಿಯವರು ಮೂಟೆಯನ್ನೇ ವಾಪಸ್ ಕಳಿಸುತ್ತಿದ್ದರು. ಕಿವಿಯಕ್ಕ ಕೂತ ಒಂಬತ್ತು ವರ್ಷಗಳಲ್ಲಿ ಆ ಶೆಡ್ಡಿನ ಒಂದು ಮೂಟೆಯೂ ವಾಪಸ್ ಬಂದಿರಲಿಲ್ಲ.

ಶೆಡ್ಡು ಇದ್ದದ್ದು ಊರಿನ ಕಸದ ಗುಡ್ಡದ ಬುಡದಲ್ಲಿ. ಮೇಲೆ ತಗಡು, ಸುತ್ತ ಏನೂ ಇಲ್ಲ, ಕೆಳಗೆ ಸಿಮೆಂಟು ನೆಲ, ನೆಲದ ಮೇಲೆ ಹನ್ನೊಂದು ಹೆಂಗಸರು. ಪುರಸಭೆ ಯಾವುದೋ ಒಳ್ಳೆಯ ಗಳಿಗೆಯಲ್ಲಿ ಅದನ್ನು ಕಟ್ಟಿಸಿ ಮರೆತಿತ್ತು. ಅದಕ್ಕೆ ಮೊದಲು ಅವರೆಲ್ಲ ಗುಡ್ಡದ ಮೇಲೆಯೇ ಹೊಗೆಯಲ್ಲಿ, ಬಿಸಿಲಲ್ಲಿ ಆರಿಸುತ್ತಿದ್ದರು. ಒಮ್ಮೆ ಗುಡ್ಡದ ಒಂದು ಮಗ್ಗುಲು ಜಾರಿ ಕಿವಿಯಕ್ಕನನ್ನು ಸೊಂಟದವರೆಗೆ ಹೂತು ಹಾಕಿತು. ಎಳೆದು ತೆಗೆದಾಗ ಎಡಗಾಲಿನ ಮಂಡಿ ಬರಬೇಕಾದ ಹಾಗೆ ಬರಲಿಲ್ಲ. ಶೆಡ್ಡು ಹೋದರೆ ಉಳಿದ ಹತ್ತು ಜನ ಬೈದುಕೊಂಡಾದರೂ ಮತ್ತೆ ಗುಡ್ಡ ಹತ್ತುತ್ತಿದ್ದರು. ಕಿವಿಯಕ್ಕನಿಗೆ ಹತ್ತುವುದಕ್ಕೆ ಮಂಡಿಯಿರಲಿಲ್ಲ. ಕೂರಲು ಒಂದು ಜಾಗ, ಕೇಳಲು ಒಂದು ಕಿವಿ, ಅವಳ ಬಾಳುವೆ ಇಷ್ಟರ ಮೇಲೆ ನಿಂತಿತ್ತು.

ಪಕ್ಕದಲ್ಲಿ ಕೂರುತ್ತಿದ್ದವಳು ಅವಳ ಸೊಸೆ. ಸೊಸೆಯ ಗಂಡ, ಅಂದರೆ ಕಿವಿಯಕ್ಕನ ಮಗ, ಲಾರಿಯ ಮೇಲೆ ಹೋದವನು. ಟೈರು ಪಂಕ್ಚರಾದಾಗ ಮಾತ್ರ ಅವನಿಗೆ ಮನೆ ನೆನಪಾಗುತ್ತದೆ ಎಂದು ಸೊಸೆ ಹೇಳುತ್ತಿದ್ದಳು. ಅತ್ತೆ ಸೊಸೆ ಮನೆಯಲ್ಲಿ ಹೆಚ್ಚು ಜಗಳವಾಡುತ್ತಿರಲಿಲ್ಲ. ಅದಕ್ಕೆ ಶೆಡ್ಡಿನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಯಂತ್ರ ಬಂದದ್ದು ಬೇಸಿಗೆಯಲ್ಲಿ. ಶೆಡ್ಡಿನ ಬಲಕ್ಕೆ ದೊಡ್ಡ ಹಾಲ್ ಒಂದು ಎದ್ದಿತು. ಅದರೊಳಗೆ ನೀಲಿ ಬಣ್ಣದ ಯಂತ್ರವನ್ನು ತುಂಡು ತುಂಡಾಗಿ ತಂದು ಜೋಡಿಸಿದರು. ಬಾಯಿಗೆ ಊರಿನ ಕಸ ಹಾಕಿದರೆ ಅದು ಹೊಟ್ಟೆಯೊಳಗೆ ಬೆಳಕು ಬಿಟ್ಟು ನೋಡಿ, ಗಾಳಿ ಊದಿ, ಪ್ಲಾಸ್ಟಿಕ್ಕು ಒಂದು ಕಡೆ, ಕಾಗದ ಒಂದು ಕಡೆ, ತಗಡು ಒಂದು ಕಡೆ ಉಗುಳುತ್ತದಂತೆ. ಪುರಸಭೆಯ ಕಾಗದವೊಂದನ್ನು ಮೇಸ್ತ್ರಿ ತಂದು ಓದಿ ಹೇಳಿದ. ಗುಡ್ಡದ ಗೇಟು, ತೂಕದ ಕಟ್ಟೆ, ಹನ್ನೊಂದು ಹೆಂಗಸರು ಎಲ್ಲ ಅವನ ಉಸ್ತುವಾರಿ. ಏಳು ದಿನ ಯಂತ್ರದ ಪರೀಕ್ಷೆ; ಹಾಕಿದ ಕಸದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಮಾಲನ್ನು ಅದು ಬೇರ್ಪಡಿಸಿದರೆ ಪಾಸು. ಪಾಸಾದ ಮೇಲೆ ಶೆಡ್ಡಿನ ಅಗತ್ಯವಿರುವುದಿಲ್ಲವಾದ್ದರಿಂದ ಅದನ್ನು ತೆರವು ಮಾಡಲಾಗುವುದು. ಹೆಂಗಸರ ಬಗ್ಗೆ ಕಾಗದದಲ್ಲಿ ಏನಿದೆ ಎಂದು ಸೊಸೆ ಕೇಳಿದಳು. ಮೇಸ್ತ್ರಿ ಕಾಗದದ ಹಿಂಬದಿಯನ್ನೂ ನೋಡಿ, ಏನೂ ಇಲ್ಲ ಎಂದ.

ಯಂತ್ರದ ಜೊತೆ ಒಬ್ಬ ಇಂಜಿನಿಯರ್ ಬಂದಿದ್ದ. ತೆಳ್ಳಗಿನ ಹುಡುಗ. ಯಾರಾದರೂ ಕುರ್ಚಿ ಹಾಕಿದರೆ ಮಾತ್ರ ಕೂರುತ್ತಿದ್ದ, ಚಹಾ ಕೊಟ್ಟರೆ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲ ಕುಡಿಯುತ್ತಿದ್ದ. ಹೆಂಗಸರು ಅವನಿಗೆ ‘ಹೊಸ ಅಳಿಯ’ ಎಂದು ಹೆಸರಿಟ್ಟರು. ಅಳಿಯ ಕರೆತಂದ ಆ ಭಾರಿ ಗಾತ್ರದ, ಯಾವಾಗಲೂ ಗುರುಗುಡುವ, ಏನು ಬಡಿಸಿದರೂ ತಪ್ಪು ಹುಡುಕುವ ಯಂತ್ರಕ್ಕೆ ಹೆಸರು ತಾನಾಗಿಯೇ ಬಂತು: ಬೀಗಿತ್ತಿ.

ಬೀಗಿತ್ತಿಗೆ ಮೊದಲ ದಿನವೇ ಊಟ ಸೇರಲಿಲ್ಲ. ಪರೀಕ್ಷೆಗೆ ಹತ್ತು ದಿನ ಮೊದಲು ತಾಲೀಮಿಗೆಂದು ಮೂರು ಲಾರಿ ಕಸ ಸುರಿದರು. ಯಂತ್ರ ಅರ್ಧ ದಿನ ಗುರುಗುಟ್ಟಿ ಒಂದು ಬಾಟಲಿ, ಒಂದು ಚಪ್ಪಲಿ ಮತ್ತು ಗೊಂಬೆಯ ತಲೆಯೊಂದನ್ನು ಉಗುಳಿತು. ಹೊಸ ಅಳಿಯ ಮುಚ್ಚಳ ಬಿಚ್ಚಿ ನೋಡಿದ, ದೀಪ ಒರೆಸಿದ, ಪುಸ್ತಕ ತೆಗೆದ. ಯಂತ್ರದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಕಸದಲ್ಲಿ. ಆ ಊರಿನ ಕಸ ಗುಡ್ಡಕ್ಕೆ ಬರುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಮನೆಗೆಲಸದವಳು ಡಬ್ಬಗಳನ್ನು ಎತ್ತಿಡುತ್ತಿದ್ದಳು, ಬೀದಿಯಲ್ಲಿ ಚೀಲ ಹೊತ್ತವರು ಬಾಟಲಿ ಆರಿಸುತ್ತಿದ್ದರು, ಲಾರಿಯ ಮೇಲೆ ನಿಂತವರು ತಂತಿ ತಗಡು ಎಳೆದುಕೊಳ್ಳುತ್ತಿದ್ದರು, ಗೇಟಿನಲ್ಲಿ ಶೆಡ್ಡಿನ ಹೆಂಗಸರು ಉಳಿದದ್ದನ್ನು ಬಳಿಯುತ್ತಿದ್ದರು. ಬೀಗಿತ್ತಿಯ ಬಾಯಿಗೆ ಬೀಳುತ್ತಿದ್ದದ್ದು ಸಿಪ್ಪೆ, ಬೂದಿ, ಒದ್ದೆ ಬಟ್ಟೆ ಮತ್ತು ಮಕ್ಕಳ ಲಂಗೋಟಿ. ಬೇರ್ಪಡಿಸುವ ಯಂತ್ರಕ್ಕೆ ಬೇರ್ಪಡಿಸಿಟ್ಟ ಊರು ಸಿಕ್ಕಿತ್ತು.

ಎರಡು ದಿನ ಮೇಸ್ತ್ರಿ ಮತ್ತು ಹೊಸ ಅಳಿಯ ಹಾಲಿನ ಹಿಂದೆ ನಿಂತು ಮಾತಾಡಿದರು. ಮೂರನೆಯ ದಿನ ಮೇಸ್ತ್ರಿ ಶೆಡ್ಡಿಗೆ ಬಂದು, ಕಟ್ಟಿಟ್ಟ ಮೂಟೆಗಳನ್ನು ನೋಡುತ್ತ, ಹೆಣ್ಣು ಕೇಳಲು ಬಂದವನ ಹಾಗೆ ಬೇರೆ ಬೇರೆ ವಿಷಯ ಮಾತಾಡಿ, ಕೊನೆಗೆ ಹೇಳಬೇಕಾದ್ದನ್ನು ಹೇಳಿದ. ಮೂಟೆಗಳನ್ನು ಬಿಚ್ಚಬೇಕು. ಅದರಲ್ಲಿರುವುದನ್ನು ಮತ್ತೆ ಕಸಕ್ಕೆ ಕಲಸಬೇಕು. ಏಳು ದಿನಕ್ಕೆ ಮಾತ್ರ.

ಸೊಸೆ ಕೇಳಿದಳು: “ಅಂದ್ರೆ ನಮ್ಮ ಶೆಡ್ಡು ಕೆಡವೋಕೆ ನಾವೇ ಸುತ್ತಿಗೆ ಹಿಡ್ಕೊಂಡು ಬರ್ಬೇಕು, ಅಲ್ವಾ ಮೇಸ್ತ್ರಿ?”

ಮೇಸ್ತ್ರಿ ನಿಜ ಹೇಳಿದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದಲ್ಲ, ಅವತ್ತು ಹೊಳೆಯಲಿಲ್ಲ ಅಷ್ಟೆ. ಯಂತ್ರ ಪಾಸಾದರೆ ಶೆಡ್ಡು ಹೋಗುತ್ತದೆ. ಫೇಲಾದರೆ, ಹೆಂಗಸರು ಊರಿನ ಕಸ ಕದ್ದದ್ದರಿಂದ ಫೇಲಾಯಿತು ಎಂದು ಪುರಸಭೆ ಬರೆಯುತ್ತದೆ. ಆಗಲೂ ಶೆಡ್ಡು ಹೋಗುತ್ತದೆ, ಗೇಟಿನಲ್ಲಿ ಪೊಲೀಸು ಬೇರೆ. ತನ್ನ ಕುರ್ಚಿಯೂ ಹೋಗುತ್ತದೆ ಎಂದು ಕೊನೆಗೆ ಸೇರಿಸಿದ.

ಸೊಸೆಯ ಮಾತು, ಬೀಗಿತ್ತಿ ಉಪವಾಸ ಸಾಯಲಿ ಎಂಬುದು. ಉಳಿದವರಲ್ಲಿ ಅರ್ಧ ಜನ ಅವಳ ಕಡೆ. ಕಿವಿಯಕ್ಕ ಕೈಯಲ್ಲಿದ್ದ ಡಬ್ಬವನ್ನು ತಟ್ಟಿ, ಸರಿಯಾದ ರಾಶಿಗೆ ಎಸೆದು, ಮೇಸ್ತ್ರಿಯನ್ನು ಕೇಳಿದಳು, ಪಾಸಾದ ಎಂಟನೆಯ ದಿನ ಬೀಗಿತ್ತಿ ಏನು ತಿನ್ನುತ್ತಾಳೆ ಎಂದು. ಮೇಸ್ತ್ರಿ ಹೊಸ ಅಳಿಯನನ್ನು ನೋಡಿದ. ಅಳಿಯ ನೆಲ ನೋಡಿದ.

“ಅದು ಯೋಚ್ನೆ ಮಾಡಿಲ್ಲ,” ಎಂದ ಅಳಿಯ.

“ಮಾಡ್ಬೇಡಪ್ಪ,” ಎಂದಳು ಕಿವಿಯಕ್ಕ. “ನಾವು ಕಲಸಿ ಕೊಡ್ತೀವಿ.”

ಸೊಸೆ ಅವತ್ತು ಮನೆಗೆ ಹೋಗುವವರೆಗೆ ಮಾತು ಬಿಟ್ಟಳು. ಮನೆಯಲ್ಲಿ ಕಿವಿಯಕ್ಕ ಬಿಡಿಸಿ ಹೇಳಿದಳು: ಪಾಸಾದ ಯಂತ್ರವನ್ನು ಯಾರೂ ಸುಮ್ಮನೆ ನಿಲ್ಲಿಸುವುದಿಲ್ಲ. ಅದನ್ನು ತಿನ್ನಿಸಲೇಬೇಕು. ಏಳು ದಿನ ಕಲಸಿ ತಿನ್ನಿಸಿದವರಿಗೇ ಎಂಟನೆಯ ದಿನವೂ ಹೇಳಿ ಕಳಿಸುತ್ತಾರೆ. ಫೇಲಾದ ಯಂತ್ರಕ್ಕೆ ಯಾರ ಹಂಗೂ ಇಲ್ಲ.

“ಅತ್ತೆ, ನೀವು ಆ ಪುರಸಭೇಲಿ ಇರ್ಬೇಕಿತ್ತು,” ಎಂದಳು ಸೊಸೆ. ಅದು ಹೊಗಳಿಕೆಯಾಗಿರಲಿಲ್ಲ.

ಕಲಸುವ ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೂಟೆಯಲ್ಲಿದ್ದ ಬಾಟಲಿಗಳೆಲ್ಲ ತೊಳೆದವು, ಲೇಬಲ್ಲು ಕಿತ್ತವು, ಮುಚ್ಚಳ ತೆಗೆದವು, ಮೆಟ್ಟಿ ಚಪ್ಪಟೆ ಮಾಡಿದವು. ಹಾಗೆಯೇ ಸುರಿದಾಗ ಯಂತ್ರ ಅವನ್ನು ಕಾಗದವೆಂದು ತಿಳಿದು ಕಾಗದದ ಕಡೆಗೆ ತಳ್ಳಿತು. ಹೊಸ ಅಳಿಯ ಬಂದು, ಬಹಳ ಸಂಕೋಚದಿಂದ, ಬಾಟಲಿಗಳು ಉಬ್ಬಿರಬೇಕು, ಮುಚ್ಚಳವಿರಬೇಕು, ಆದಷ್ಟು ಕೊಳಕಾಗಿದ್ದರೆ ಸಹಜವಾಗಿ ಕಾಣುತ್ತದೆ ಎಂದ. ಒಂಬತ್ತು ವರ್ಷ ಬಾಟಲಿ ಮೆಟ್ಟಿದ ಹನ್ನೊಂದು ಹೆಂಗಸರು ಸಾಲಾಗಿ ಕೂತು ಬಾಟಲಿ ಊದಲು ಶುರುಮಾಡಿದರು. ಊದಿ ಊದಿ ಒಬ್ಬಳಿಗೆ ತಲೆ ಸುತ್ತು ಬಂತು. ಇನ್ನೊಬ್ಬಳು, ಹೆತ್ತ ಮಕ್ಕಳಿಗೂ ತಾನು ಇಷ್ಟು ಪುಗ್ಗ ಊದಿ ಕೊಟ್ಟಿಲ್ಲ ಎಂದಳು. ಊದಿದ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕೆಸರು.

ಮುಚ್ಚಳಗಳದ್ದೇ ಬೇರೆ ಮೂಟೆಯಿತ್ತು. ಯಾವುದನ್ನಾದರೂ ಯಾವುದಕ್ಕಾದರೂ ತಿರುಗಿಸಿ ಎಂದು ಮೇಸ್ತ್ರಿ ಹೇಳಿ ಹೋದ. ಆದರೆ ಆ ಕೈಗಳಿಗೆ ಅದು ಬರಲಿಲ್ಲ. ನೀಲಿ ಮುಚ್ಚಳ ನೀಲಿಯ ಬಾಟಲಿಗೆ, ಅಗಲ ಬಾಯಿಯದು ಅಗಲ ಬಾಯಿಗೆ. ಹುಡುಕಿ ಹುಡುಕಿ, ಅದರದರ ಮುಚ್ಚಳವನ್ನು ಅದರದರ ತಲೆಗೇ ಕೂರಿಸಿದರು. ಕಲಸುವುದೂ ಹಾಗೆಯೇ ಆಯಿತು. ಮನಸ್ಸಿಗೆ ಬಂದ ಹಾಗೆ ಎಸೆಯಿರಿ ಎಂದರೆ ಅವರ ಮನಸ್ಸಿಗೆ ಏನೂ ಬರುತ್ತಿರಲಿಲ್ಲ. ಕಿವಿಯಕ್ಕ ಒಂದು ಅಳತೆ ಮಾಡಿದಳು: ಒಂದು ತಳ್ಳುಗಾಡಿ ಒದ್ದೆ ಕಸಕ್ಕೆ ಹದಿನೆಂಟು ನೀರಿನ ಬಾಟಲಿ, ಆರು ಡಬ್ಬ, ನಾಲ್ಕು ಲೋಟ, ಒಂದು ಹಿಡಿ ತಗಡು, ಎರಡು ಹಿಡಿ ಕಾಗದ. ಸುಳ್ಳವನ್ನು ಮಾತ್ರ ಹಾಕಬೇಡಿ ಎಂದಳು. ಅದನ್ನು ಕಲಸುವುದು ಅವಳ ಕೈಯಲ್ಲಿ ಆಗದ ಕೆಲಸ. ಏಳು ದಿನ, ಒಂದು ಗಾಡಿಯೂ ಅಳತೆ ತಪ್ಪಲಿಲ್ಲ.

ಬೀಗಿತ್ತಿ ಹೊಟ್ಟೆ ತುಂಬ ಉಂಡಳು. ಹೊಸ ಅಳಿಯ ಮೊದಲ ದಿನದ ಲೆಕ್ಕ ನೋಡಿ ಕುಣಿಯುವುದೊಂದು ಬಾಕಿ. ನೂರಕ್ಕೆ ಇಪ್ಪತ್ತೊಂದು ಪಾಯಿಂಟ್ ನಾಲ್ಕು. ಎರಡನೆಯ ದಿನ ಇಪ್ಪತ್ತೊಂದು ಪಾಯಿಂಟ್ ನಾಲ್ಕು. ಮೂರನೆಯ ದಿನವೂ ಅಷ್ಟೇ ಬಂದಾಗ ಅವನ ಮುಖ ಸ್ವಲ್ಪ ಬಾಡಿತು. ಐದನೆಯ ದಿನ ಅವನು ಶೆಡ್ಡಿಗೆ ಬಂದು, ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದೇ ಎಂದು ಕೇಳಿದ. ಕಿವಿಯಕ್ಕ, ಯಾವ ಗಾಡಿಯಲ್ಲಿ ಕಡಿಮೆಯಾಗಿದೆ ತೋರಿಸು ಎಂದು ಮುನಿಸಿಕೊಂಡಳು. ಅಳಿಯ ವಾಪಸ್ ಹೋದ.

ಏಳನೆಯ ದಿನ ತಪಾಸಣೆಯವರು ಬಂದರು. ಬಂದದ್ದು ಒಬ್ಬರೇ: ನರೆತ ಕೂದಲಿನ, ಗಟ್ಟಿ ಬೂಟು ಹಾಕಿದ ಹೆಂಗಸು. ಯಂತ್ರ ಕೊಟ್ಟ ಸಂಸ್ಥೆಯ ಅಧಿಕಾರಿ. ಲೆಕ್ಕದ ಹಾಳೆಯನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ಓದಿದರು. ಯಾವ ಊರಿನ ಕಸವೂ ಸೋಮವಾರ ಬಂದ ಹಾಗೆ ಭಾನುವಾರ ಬರುವುದಿಲ್ಲ ಎಂದರು. ಹೊಸ ಅಳಿಯ, ಇಲ್ಲಿಯ ಜನ ಬಹಳ ಶಿಸ್ತಿನವರು ಎಂದ. ತಪಾಸಣೆಯವರು ಯಂತ್ರದ ಬಾಯಿಗೆ ಹೋಗುತ್ತಿದ್ದ ಗಾಡಿಯಿಂದ ಕೆಸರು ಮೆತ್ತಿದ ಒಂದು ಬಾಟಲಿ ಎತ್ತಿಕೊಂಡರು, ಇನ್ನೊಂದು ಎತ್ತಿಕೊಂಡರು, ಹೀಗೆ ಆರು. ಆರನ್ನೂ ಹಿಡಿದುಕೊಂಡು ಯಾರನ್ನೂ ಕೇಳದೆ ಶೆಡ್ಡಿಗೆ ಬಂದು, ಕವುಚಿ ಹಾಕಿದ್ದ ಕ್ರೇಟಿನ ಮೇಲೆ ಕಿವಿಯಕ್ಕನ ಎದುರಿಗೆ ಕೂತರು. ಹಿಂದೆಯೇ ಓಡಿ ಬಂದ ಮೇಸ್ತ್ರಿಗೆ ನೀರು ತರಲು ಹೇಳಿದರು.

“ಮೂವತ್ತು ವರ್ಷದಿಂದ ಕಸ ನೋಡ್ತಿದೀನಿ,” ಎಂದರು. “ಪ್ರತಿ ಬಾಟ್ಲಿಗೂ ಅದರದ್ದೇ ಮುಚ್ಚಳ ಇರೋ ಕಸ ನಾನು ಕಂಡಿಲ್ಲ.”

ಹನ್ನೊಂದು ಹೆಂಗಸರ ಕೈ ನಿಂತಿತು. ಸೊಸೆ ಅತ್ತೆಯನ್ನು ನೋಡಿದಳು. ಆ ನೋಟದಲ್ಲಿ, ಹೇಳಿದೆ ಕೇಳಿದಿರಾ ಎಂಬುದು ಸ್ಪಷ್ಟವಾಗಿತ್ತು.

“ಬೇರೆ ಮುಚ್ಚಳ ಹಾಕಿದ್ರೆ ಸರಿಯಾಗಿ ಕೂರಲ್ಲಮ್ಮ,” ಎಂದಳು ಕಿವಿಯಕ್ಕ. “ಸೋರುತ್ತೆ.”

ಬಾಟಲಿಯೊಳಗೆ ಸೋರಲು ಏನೂ ಇರಲಿಲ್ಲ. ತಪಾಸಣೆಯವರು ಬಹಳ ಹೊತ್ತು ಆ ಆರು ಬಾಟಲಿಗಳನ್ನು ಕಾಲಿನ ಬಳಿ ಸಾಲಾಗಿ ನಿಲ್ಲಿಸುತ್ತ, ಮತ್ತೆ ಸಾಲು ಬದಲಿಸುತ್ತ ಕೂತರು. ಆಮೇಲೆ ಶೆಡ್ಡಿನಲ್ಲಿ ಎಷ್ಟು ಜನ, ಎಷ್ಟು ವರ್ಷದಿಂದ, ಏನೇನು ಆರಿಸುತ್ತೀರಿ ಎಂದೆಲ್ಲ ಕೇಳಿದರು. ಕಿವಿಯಕ್ಕ ಒಂದು ಸುಳ್ಳವನ್ನೂ ಒಂದು ನೀರಿನ ಬಾಟಲಿಯನ್ನೂ ಅವರ ಕಿವಿಯ ಬಳಿ ತಟ್ಟಿ ತೋರಿಸಿದಳು. ಅವರಿಗೆ ಎರಡೂ ಒಂದೇ ಥರ ಕೇಳಿಸಿತು.

ಹೋಗುವಾಗ ಅವರು ಹೊಸ ಅಳಿಯನಿಗೆ ಒಂದೇ ಮಾತು ಹೇಳಿದರಂತೆ: ಈ ಯಂತ್ರ ಈ ಊರಿಗೆ ಸರಿ ಎಂದು ಮೂರು ವರ್ಷದ ಹಿಂದೆ ಬರೆದುಕೊಟ್ಟವಳು ನಾನೇ. ಅಳಿಯನಿಗೆ ಆಗ ಉಸಿರು ಬಂತು.

ತಿಂಗಳೊಳಗೆ ವರದಿ ಬಂತು. ಮೇಸ್ತ್ರಿ ಶೆಡ್ಡಿನಲ್ಲಿ ನಿಂತು ಓದಿದ. ಯಂತ್ರವು ನಿರೀಕ್ಷೆಗೂ ಮೀರಿ ಸ್ಥಿರವಾಗಿ ಕೆಲಸ ಮಾಡುತ್ತಿದೆ. ಇದೇ ಫಲಿತಾಂಶ ಮುಂದುವರಿಯಬೇಕಾದರೆ ಸೂಕ್ತವಾಗಿ ಸಿದ್ಧಪಡಿಸಿದ ಕಸವನ್ನು ನಿರಂತರವಾಗಿ ಒದಗಿಸತಕ್ಕದ್ದು. ಈ ಒಂದು ವಾಕ್ಯ ಶೆಡ್ಡನ್ನು ಉಳಿಸಿತು. ತಗಡಿಗೆ ಬಣ್ಣ ಬಂತು, ಬಾಗಿಲೇ ಇಲ್ಲದ ಶೆಡ್ಡಿಗೆ ಬಾಗಿಲ ಮೇಲೆ ಹಾಕುವಂಥ ಬೋರ್ಡು ಬಂತು: ಕಸ ಸಿದ್ಧತಾ ಘಟಕ. ಹೆಂಗಸರಿಗೆ ಹಳದಿ ಅಂಗಿ ಕೊಟ್ಟರು. ಕಿವಿಯಕ್ಕ ಅಂಗಿಯನ್ನು ಸೊಸೆಯ ಮುಂದೆ ಹಿಡಿದು ತೋರಿಸಿ ತೊಟ್ಟುಕೊಂಡಳು. ಸೊಸೆ ಮುಂದೆ ಬಂದು ಅವಳ ಗುಂಡಿ ಹಾಕಿದಳು. ಆ ಮನೆಯಲ್ಲಿ ಸೋಲೊಪ್ಪಿಕೊಳ್ಳುವುದು ಹಾಗೆ.

ಅಂದಿನಿಂದ ಕೆಲಸದ ಕ್ರಮ ಹೀಗಾಯಿತು. ಬೆಳಿಗ್ಗೆ ಗೇಟಿನಲ್ಲಿ ಹೆಂಗಸರು ಕಸ ಆರಿಸುವುದು. ಆರಿಸಿದ್ದನ್ನು ಶೆಡ್ಡಿನಲ್ಲಿ ಅಳತೆ ಪ್ರಕಾರ ಮತ್ತೆ ಕಸಕ್ಕೆ ಕಲಸುವುದು. ಕಲಸಿದ್ದನ್ನು ಯಂತ್ರ ಆರಿಸುವುದು. ಯಂತ್ರ ಆರಿಸಿದ್ದನ್ನು ಮೂಟೆ ಕಟ್ಟಿ ಗಿರಣಿಗೆ ಕಳಿಸುವುದು. ಬಾಟಲಿ ಊದಲು ಒಂದು ಪಂಪು ತಂದುಕೊಟ್ಟರು. ಇದನ್ನೆಲ್ಲ ನೋಡಲು ಬೇರೆ ಬೇರೆ ಊರುಗಳಿಂದ ಜನ ಬಸ್ಸು ಮಾಡಿಕೊಂಡು ಬರತೊಡಗಿದರು.

ಮೂರನೆಯ ವಾರ ಗಿರಣಿಯಿಂದ ಮೂಟೆಗಳು ವಾಪಸ್ ಬಂದವು. ಒಂದಲ್ಲ, ಎಲ್ಲವೂ. ಪ್ರತಿಯೊಂದರಲ್ಲೂ ಸುಳ್ಳ. ಶೆಡ್ಡಿನವರು ಹಾಕಿರಲಿಲ್ಲ, ಗೇಟಿನಲ್ಲಿ ದಿನವೂ ಕಣ್ತಪ್ಪುವ ಒಂದೆರಡು ಲಾರಿಯ ಕಸದಲ್ಲಿ ಬಂದಿದ್ದವು. ಕೆಸರು ಮೆತ್ತಿದ ಸುಳ್ಳವನ್ನೂ ಕೆಸರು ಮೆತ್ತಿದ ನೀರಿನ ಬಾಟಲಿಯನ್ನೂ ಬೀಗಿತ್ತಿ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಳು. ಮೂಟೆ ವಾಪಸ್ ಬಂದದ್ದು ಒಂಬತ್ತು ವರ್ಷದಲ್ಲಿ ಮೊದಲ ಸಲ. ಕಿವಿಯಕ್ಕ ಮೂಟೆಗಳನ್ನು ಇಳಿಸುವುದನ್ನು ನೋಡಲಿಲ್ಲ, ಬೆನ್ನು ತಿರುಗಿಸಿ ಕೂತಳು.

ಹೊಸ ಅಳಿಯ ಒಂದು ದಾರಿ ಕಂಡುಹಿಡಿದ. ಯಂತ್ರ ಉಗುಳುವ ಕಡೆ ಒಂದು ಕುರ್ಚಿ ಹಾಕಿ ಕಿವಿಯಕ್ಕನನ್ನು ಕೂರಿಸಿದ. ಕುರ್ಚಿಗೆ ಮೆತ್ತೆಯಿತ್ತು. ಅವಳು ಮೊದಲ ಬಾಟಲಿಯನ್ನು ಎತ್ತಿ ಕಿವಿಯ ಬಳಿ ತಟ್ಟಿದಳು. ಮತ್ತೆ ತಟ್ಟಿದಳು. ನೀಲಿ ಯಂತ್ರದ ಗುರುಗುಡಿನಲ್ಲಿ ಅವಳಿಗೆ ತನ್ನ ಉಗುರಿನ ಸದ್ದೇ ಕೇಳಿಸಲಿಲ್ಲ. ಒಂದು ಗಂಟೆ ಹೀಗೆಯೇ ಕೂತು, ಎದ್ದು ಬಂದು, ಆ ನಿಮ್ಮವಳ ಬಾಯಿ ಮುಚ್ಚಿಸಿದರೆ ಮಾತ್ರ ನನ್ನಿಂದಾಗುತ್ತದೆ ಎಂದಳು. ಬಸ್ಸಿನ ಜನ ಬಂದು ಹೋಗುವವರೆಗೆ ಯಂತ್ರ ನಿಲ್ಲಿಸುವಂತಿಲ್ಲ ಎಂದ ಅಳಿಯ. ಕೊನೆಗೆ, ಕೆಲಸಗಾರರು ಊಟಕ್ಕೆ ಹೋಗುವ ಒಂದರಿಂದ ಎರಡು ಗಂಟೆಯವರೆಗೆ ನಿಲ್ಲಿಸುವುದು ಎಂದಾಯಿತು. ಅವಳು ಊಟವನ್ನು ಮುಂದಕ್ಕೆ ಹಾಕಿಕೊಂಡಳು.

ಒಂದು ಗಂಟೆಗೆ ಯಂತ್ರ ಉಸಿರು ಬಿಟ್ಟು ನಿಲ್ಲುತ್ತಿತ್ತು. ಕಿವಿಯಕ್ಕ ಬೆಳಗಿನಿಂದ ಅದು ಉಗುಳಿದ್ದನ್ನೆಲ್ಲ ಮುಂದೆ ಹರಡಿಕೊಂಡು, ಸೊಸೆ ಒಂದೊಂದನ್ನೇ ಒರೆಸಿ ಕೊಟ್ಟ ಹಾಗೆ, ತಟ್ಟಿ ತಟ್ಟಿ ಎಸೆಯುತ್ತಿದ್ದಳು. ಮೂಟೆ ವಾಪಸ್ ಬರುವುದು ನಿಂತಿತು. ಹಾಲಿನ ಗೋಡೆಗೆ ಹೊಸ ಅಳಿಯ ದಿನದ ಒಂದೊಂದು ಗಂಟೆಯ ಕೆಲಸದ ಗುಣಮಟ್ಟ ತೋರಿಸುವ ಗೆರೆಯ ಹಾಳೆಯನ್ನು ಅಂಟಿಸುತ್ತಿದ್ದ. ಬಸ್ಸಿನ ಜನ ಅದರ ಫೋಟೋ ತೆಗೆಯುತ್ತಿದ್ದರು. ಬೆಳಗಿನಿಂದ ಮೈಮುರಿಯುತ್ತ ಬಂದ ಗೆರೆ ಒಂದರಿಂದ ಎರಡರ ನಡುವೆ ಎದ್ದು ನೆಟ್ಟಗೆ ನಿಲ್ಲುತ್ತಿತ್ತು. ಯಂತ್ರ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು ಅದು ನಿಂತಿರುವಾಗ. ಯಂತ್ರ ಕೊಟ್ಟ ಸಂಸ್ಥೆಯ ದೊಡ್ಡ ಕಚೇರಿಯಿಂದ ಒಮ್ಮೆ ಪತ್ರ ಬಂತು: ಒಂದರಿಂದ ಎರಡರವರೆಗೆ ಯಂತ್ರವನ್ನು ಹೇಗೆ ನಡೆಸಲಾಗುತ್ತಿದೆಯೋ ದಿನವಿಡೀ ಹಾಗೆಯೇ ನಡೆಸಬೇಕು. ಅಳಿಯ ಆ ಪತ್ರವನ್ನು ಮಡಚಿ ಪುಸ್ತಕದೊಳಗೆ ಇಟ್ಟ.

ಬೆಳಗಿನ ಹೊತ್ತು ಕಿವಿಯಕ್ಕ ಶೆಡ್ಡಿಗೆ ಹೋಗಿ ಕೂರಬಹುದಿತ್ತು. ಆದರೆ ಬಸ್ಸಿನ ಜನ ಬಂದಾಗ ಕುರ್ಚಿ ಖಾಲಿಯಿದ್ದರೆ ಕೇಳುತ್ತಾರೆ ಎಂದು ಮೇಸ್ತ್ರಿ ಅವಳನ್ನು ಅಲ್ಲೇ ಕೂರಿಸುತ್ತಿದ್ದ. ದಿನಕ್ಕೆ ಐದಾರು ಗಂಟೆ ಗುರುಗುಡುವ ಯಂತ್ರದ ಪಕ್ಕ. ಮೊದಮೊದಲು ಯಂತ್ರ ನಿಂತ ಮೇಲೂ ಎರಡು ನಿಮಿಷ ಕಿವಿಯೊಳಗೆ ಅದು ಗುರುಗುಡುತ್ತಿತ್ತು. ಅದು ಅಡಗಿದ ಮೇಲೆ ಅವಳು ಮೊದಲ ಬಾಟಲಿ ಎತ್ತುತ್ತಿದ್ದಳು. ಮಳೆಗಾಲದ ಹೊತ್ತಿಗೆ ಅದು ಹತ್ತು ನಿಮಿಷವಾಯಿತು. ಮಳೆ ನಿಂತ ಮೇಲೆ ಅರ್ಧ ಗಂಟೆ. ಸೊಸೆ ಒರೆಸಿದ ಬಾಟಲಿಯನ್ನು ಹಿಡಿದು ಕಾಯುತ್ತಿದ್ದಳು. ಬೇಕಿದ್ದರೆ ಕಡ್ಡಿ ಗೀರಿ ಸುಟ್ಟು ವಾಸನೆ ನೋಡಿ ಸುಳ್ಳ ಯಾವುದೆಂದು ಹೇಳುತ್ತೇನೆ ಎಂದಳು. ಹಾಲಿನಲ್ಲಿ ಬೆಂಕಿ ಕೂಡದು ಎಂದು ಗೋಡೆಯ ಮೇಲೆ ಬರೆದಿತ್ತು. ಕೆಲವು ದಿನ ಅತ್ತೆ ತಟ್ಟುವ ಮುಂಚೆಯೇ ಸೊಸೆ ಬೆರಳಿನಿಂದ ರಾಶಿ ತೋರಿಸುತ್ತಿದ್ದಳು. ಅವಳ ಅಂದಾಜು ಮುಕ್ಕಾಲು ಪಾಲು ಸರಿಯಿರುತ್ತಿತ್ತು. ಉಳಿದ ಕಾಲು ಪಾಲು ತಪ್ಪಿ ಮೂಟೆ ಸೇರುತ್ತಿತ್ತು, ಗಿರಣಿಯಿಂದ ಮತ್ತೆ ಒಂದೊಂದು ಮೂಟೆ ವಾಪಸ್ ಬರತೊಡಗಿತು.

ಗೋಡೆಯ ಮೇಲಿನ ಗೆರೆ ಒಂದರಿಂದ ಎರಡರ ನಡುವೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಹೊಸ ಅಳಿಯ ಅದನ್ನು ಗಮನಿಸಿದ. ಅವನು ಕೆಟ್ಟವನಲ್ಲ. ಗೆರೆ ಯಾಕೆ ಇಳಿಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಆದರೆ ತುಂಬಬೇಕಾದ ನಮೂನೆಯಲ್ಲಿ ಇದ್ದದ್ದು ಒಂದೇ ಖಾಲಿ ಜಾಗ, ಯಂತ್ರದ ಸ್ಥಿತಿ. ಅಲ್ಲಿ ಅವನು, ಸರ್ವೀಸ್ ಅಗತ್ಯವಿದೆ ಎಂದು ಬರೆದ.

ಸರ್ವೀಸಿನವರು ಇಬ್ಬರು ಬಂದರು, ಸರಿಯಾಗಿ ಒಂದು ಗಂಟೆಗೆ. ಬೀಗಿತ್ತಿಯ ಕೀಲು ಕೀಲುಗಳನ್ನು ಒರೆಸಿದರು, ಬೆಲ್ಟು ಬಿಗಿ ಮಾಡಿದರು, ಉದ್ದ ಮೂತಿಯ ಡಬ್ಬದಿಂದ ಎಲ್ಲ ಕಡೆ ಎಣ್ಣೆ ಬಿಟ್ಟರು. ಕಿವಿಯಕ್ಕ ಕುರ್ಚಿಯಲ್ಲಿ ಕೂತು, ಒಂದು ಬಾಟಲಿಯನ್ನು ಕಿವಿಗೆ ಒತ್ತಿ ಹಿಡಿದು, ಕಾಯುತ್ತಿದ್ದಳು.

“ಎಣ್ಣೆ ಉಳಿದಿದ್ರೆ ನಮ್ಮತ್ತೆ ಕಿವಿಗೂ ಎರಡು ತೊಟ್ಟು ಬಿಡಿ,” ಎಂದಳು ಸೊಸೆ. “ನಿಮ್ಮ ಗೆರೆ ಅಲ್ಲಿಂದಾನೇ ಇಳೀತಿರೋದು.”

ಸರ್ವೀಸಿನವರು ತಮಾಷೆಯೆಂದುಕೊಂಡು ನಕ್ಕರು. ಅವರು ನಗುವುದನ್ನು ಕಂಡು ಕಿವಿಯಕ್ಕ ತಲೆಯೆತ್ತಿ ಸೊಸೆಯನ್ನು ನೋಡಿದಳು.

“ಏನಂದೆ?” ಎಂದು ಕೇಳಿದಳು.

ಯಂತ್ರ ನಿಂತು ಮುಕ್ಕಾಲು ಗಂಟೆಯಾಗಿತ್ತು.